ಕ್ರೂಪ್: ಒಂದು ಕೆಮ್ಮಿನ ಚರಿತ್ರೆ

ಕೆಲವು ರೋಗಗಳಿಗೆ ಹೆಸರು ಬಣ್ಣದಿಂದ ಬರುತ್ತದೆ, ಅರಿಶಿನ ಕಾಮಾಲೆಗೆ ಬಂದಂತೆ. ಕೆಲವಕ್ಕೆ ದೇವತೆಯ ಮುನಿಸಿನಿಂದ ಬರುತ್ತದೆ, ಸಿಡುಬನ್ನು ‘ಅಮ್ಮ’ ಎಂದು ಕರೆದಂತೆ. ದನಿಯಿಂದ ಹೆಸರು ಪಡೆದವುಗಳಲ್ಲಿ ಕ್ರೂಪ್ ಒಂದು. ಸ್ಕಾಟ್ಲೆಂಡಿನ ಜನರ ಆಡುಮಾತಿನಲ್ಲಿ ಈ ಪದಕ್ಕೆ ಗೊಗ್ಗರು ದನಿಯಲ್ಲಿ ಕೂಗುವುದು ಎಂದರ್ಥ. ಸಂಜೆಯವರೆಗೆ ಬರಿಯ ನೆಗಡಿ ಇಟ್ಟುಕೊಂಡು ಆಡುತ್ತಿದ್ದ ಕೂಸು ನಡುರಾತ್ರಿಯಲ್ಲಿ ಥಟ್ಟನೆ ಎದ್ದು ಕುಳಿತು ನಾಯಿ ಬೊಗಳಿದ ಹಾಗೆ ಕೆಮ್ಮತೊಡಗುತ್ತದೆ. ಅಳುವ ದನಿ ಒಡೆದಿರುತ್ತದೆ. ಉಸಿರನ್ನು ಒಳಕ್ಕೆ ಎಳೆದುಕೊಳ್ಳುವಾಗ ಗರಗಸ ಎಳೆದಂತೆ ಕರ್ಕಶವಾದ ಶಬ್ದ ಕೇಳುತ್ತದೆ. ಒಮ್ಮೆ ಇದನ್ನು ಕೇಳಿದ ತಾಯಿ ಮರೆಯಲಾರಳು.

ನಮ್ಮಲ್ಲಿ ಈ ರೋಗಕ್ಕೆ ಎಲ್ಲರೂ ಬಳಸುವ ಒಂದು ಹೆಸರು ನೆಲೆನಿಂತಿಲ್ಲವಾದುದರಿಂದ ಒಂದು ತೊಡಕುಂಟು. ಮಗು ನಾಯಿಯಂತೆ ಕೆಮ್ಮುತ್ತಿದೆ ಎಂದೊಡನೆ ನೆರೆಯವರು ‘ನಾಯಿಕೆಮ್ಮು’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ನಾಯಿಕೆಮ್ಮು ಬೇರೆಯೇ ಕಾಯಿಲೆ. ಅದು ವಾರಗಟ್ಟಲೆ ಕಾಡುತ್ತದೆ. ಕೆಮ್ಮು ಒಂದರ ಬೆನ್ನಿಗೊಂದು ಬಂದು, ಕೊನೆಗೆ ಮಗು ಕೂಗಿದಂತೆ ಉಸಿರೆಳೆದುಕೊಂಡು ವಾಂತಿ ಮಾಡುತ್ತದೆ. ಗಂಟಲುಮಾರಿ, ಎಂದರೆ ಡಿಫ್ತೀರಿಯಾ, ಮತ್ತೂ ಬೇರೆ. ಹೆಸರುಗಳ ಈ ಗೊಂದಲ ನಮ್ಮದು ಮಾತ್ರವೇ ಅಲ್ಲ. ಯೂರೋಪಿನ ವೈದ್ಯರಿಗೂ ಇದನ್ನು ಬಿಡಿಸಿಕೊಳ್ಳಲು ಇನ್ನೂರು ವರ್ಷ ಹಿಡಿಯಿತು. ಒಂದೇ ಹೆಸರಿನ ಮರೆಯಲ್ಲಿ ಎರಡು ಮೂರು ರೋಗಗಳು ಅಡಗಿಕೊಂಡಿದ್ದವೆಂಬುದೇ ಕ್ರೂಪಿನ ಚರಿತ್ರೆ.

ಈ ಆಡುಮಾತನ್ನು ವೈದ್ಯಗ್ರಂಥಕ್ಕೆ ತಂದವನು ಎಡಿನ್‌ಬರೋ ನಗರದ ಫ್ರಾನ್ಸಿಸ್ ಹೋಮ್. 1765ರಲ್ಲಿ ಆತನು ಕ್ರೂಪಿನ ಸ್ವರೂಪ, ಕಾರಣ, ಚಿಕಿತ್ಸೆಗಳನ್ನು ಕುರಿತು ಒಂದು ಸಣ್ಣ ಪುಸ್ತಕವನ್ನು ಪ್ರಕಟಿಸಿದನು. ತಾಯಂದಿರೂ ದಾದಿಯರೂ ಬಳಸುತ್ತಿದ್ದ ಮಾತನ್ನೇ ಪುಸ್ತಕದ ಹೆಸರಿನಲ್ಲಿ ಇಡಲು ಆತನು ಹಿಂಜರಿಯಲಿಲ್ಲ. ಲ್ಯಾಟಿನ್ ಹೆಸರಿಲ್ಲದ ರೋಗಕ್ಕೆ ಮರ್ಯಾದೆಯೇ ಇಲ್ಲದಿದ್ದ ಕಾಲದಲ್ಲಿ ಇದು ಸಣ್ಣ ಧೈರ್ಯವೇನಲ್ಲ. ಸತ್ತ ಮಕ್ಕಳ ಕೊರಳನ್ನು ಸೀಳಿ ನೋಡಿದಾಗ ಶ್ವಾಸನಾಳದ ಒಳಮೈಗೆ ಬಿಳಿಯ ಪೊರೆಯೊಂದು ಅಂಟಿಕೊಂಡಿದ್ದುದನ್ನು ಆತನು ಕಂಡನು. ಆ ಪೊರೆಯೇ ಉಸಿರು ಕಟ್ಟಿಸಿತು ಎಂದು ಊಹಿಸಿದ್ದೂ ಸರಿಯೇ. ಆದರೆ ಕ್ರೂಪಿನ ಕೆಮ್ಮು ಬಂದು ಎರಡು ಮೂರು ದಿನಗಳಲ್ಲಿ ತಾವಾಗಿಯೇ ಗುಣವಾದ ಮಕ್ಕಳ ಕೊರಳನ್ನು ಸೀಳಿ ನೋಡುವಂತಿರಲಿಲ್ಲವಷ್ಟೆ! ಹೀಗಾಗಿ ಎಲ್ಲ ಕ್ರೂಪಿಗೂ ಪೊರೆಯೇ ಕಾರಣವೆಂಬ ನಂಬಿಕೆ ಬೇರೂರಿತು.

ಪಂಡಿತರು ಇದಕ್ಕೆ ಒಂದು ಲ್ಯಾಟಿನ್ ಹೆಸರನ್ನೂ ಕೊಟ್ಟರು: ‘ಸೈನಾಂಕಿ ಟ್ರೇಕಿಯಾಲಿಸ್’. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1799ರ ಡಿಸೆಂಬರ್ 14ರಂದು ತೀರಿಕೊಂಡಾಗ ಆತನ ವೈದ್ಯರು ಬರೆದುಕೊಟ್ಟ ಕಾರಣವೂ ಇದೇ. ಒಂದೇ ದಿನದಲ್ಲಿ ಆತನ ಮೈಯಿಂದ ಎರಡು ಲೀಟರಿಗೂ ಮೀರಿ ರಕ್ತವನ್ನು ತೆಗೆದಿದ್ದರು. ಮೂವರು ವೈದ್ಯರಲ್ಲಿ ಕಿರಿಯನಾದ ಎಲಿಷಾ ಡಿಕ್, ರಕ್ತ ತೆಗೆಯುವುದು ಸಾಕು, ಕೊರಳಿನಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡಿ ಉಸಿರಿಗೆ ದಾರಿ ಕೊಡೋಣ ಎಂದನು. ಹಿರಿಯರು ಒಪ್ಪಲಿಲ್ಲ. ಅರುವತ್ತೇಳು ವರ್ಷದ ಮುದುಕನಿಗೆ ಬಂದದ್ದು ಮಕ್ಕಳ ಕ್ರೂಪ್ ಆಗಿರಲಾರದು. ನಾಲಗೆಯ ಬುಡದಲ್ಲಿರುವ ಕಿರುನಾಲಗೆಯಂತಹ ಮುಚ್ಚಳ ಊದಿಕೊಂಡು ದಾರಿ ಮುಚ್ಚಿತೆಂದು ಈಗಿನ ಬಹುಪಾಲು ವೈದ್ಯರ ಅಭಿಪ್ರಾಯ. ಒಂದು ಹೆಸರು ಎಷ್ಟು ರೋಗಗಳಿಗೆ ಹೊದಿಕೆಯಾಗಿತ್ತೆಂಬುದಕ್ಕೆ ಇದೊಂದು ನಿದರ್ಶನ.

ಮಕ್ಕಳಿಗೆ ಆಗುತ್ತಿದ್ದ ಚಿಕಿತ್ಸೆಯೂ ಇದೇ ಬಗೆಯದು. ಕೊರಳಿಗೆ ಜಿಗಣೆ ಹಚ್ಚುವುದು, ವಾಂತಿ ಮಾಡಿಸುವುದು, ಪಾದರಸದ ಕಲೊಮೆಲ್ ಕುಡಿಸುವುದು, ಎದೆಗೆ ಬೊಬ್ಬೆ ಏಳಿಸುವ ಪಟ್ಟು ಹಾಕುವುದು. ಎರಡು ವರ್ಷದ ಹಸುಳೆಯ ಪಾಡನ್ನು ಓದುಗರೇ ಊಹಿಸಿಕೊಳ್ಳಬಹುದು.

ಈ ರೋಗಕ್ಕೆ ರಾಜಮನೆತನಗಳ ಗಮನ ಹರಿದದ್ದು 1807ರಲ್ಲಿ. ನೆಪೋಲಿಯನ್ ಚಕ್ರವರ್ತಿಯ ತಮ್ಮ ಲೂಯಿ ಆಗ ಹಾಲೆಂಡಿನ ದೊರೆ. ಆತನ ನಾಲ್ಕು ವರ್ಷದ ಮಗ ಆ ವರ್ಷದ ಮೇ ತಿಂಗಳಿನಲ್ಲಿ ಹೇಗ್ ನಗರದಲ್ಲಿ ಕ್ರೂಪಿನಿಂದ ತೀರಿಕೊಂಡನು. ಆಗಿನ್ನೂ ಔರಸ ಮಕ್ಕಳಿಲ್ಲದ ಚಕ್ರವರ್ತಿ ಈ ಹುಡುಗನನ್ನೇ ಉತ್ತರಾಧಿಕಾರಿಯಾಗಿ ಎಣಿಸಿದ್ದನು. ಪೂರ್ವದ ರಣರಂಗದಲ್ಲಿದ್ದ ಆತನು ಅಲ್ಲಿಂದಲೇ ಆಜ್ಞೆ ಕಳುಹಿಸಿದನು: ಕ್ರೂಪನ್ನು ಕುರಿತು ಅತ್ಯುತ್ತಮ ಪ್ರಬಂಧ ಬರೆದವರಿಗೆ 12,000 ಫ್ರಾಂಕು ಬಹುಮಾನ. ಯೂರೋಪಿನ ಮೂಲೆಮೂಲೆಗಳಿಂದ ಸುಮಾರು ಎಂಬತ್ತು ಪ್ರಬಂಧಗಳು ಬಂದವು. ಬಹುಮಾನವನ್ನು ಜಿನೀವಾ ನಗರದ ಲೂಯಿ ಜ್ಯೂರಿನ್ ಮತ್ತು ಬ್ರೆಮೆನ್ ನಗರದ ಆಲ್ಬರ್ಸ್ ಇಬ್ಬರಿಗೂ ಹಂಚಿಕೊಟ್ಟರು. ಈ ಜ್ಯೂರಿನ್ ಮಹಾಶಯನ ವಿಷಯವಾಗಿ ರೇಡಿಯೋ ಕೇಳುಗರಿಗೆ ಒಂದು ಮಾತು ಹೇಳಬೇಕು. ಬಾವಲಿಗಳ ಕಿವಿ ಮುಚ್ಚಿದರೆ ಅವು ಕತ್ತಲೆಯಲ್ಲಿ ದಾರಿ ಕಾಣದೆ ತಡೆಗಳಿಗೆ ಬಡಿಯುತ್ತವೆಂದು ಪ್ರಯೋಗದಿಂದ ತೋರಿಸಿದವನು ಈತನೇ. ದನಿಯ ಸೂಕ್ಷ್ಮ ಬಲ್ಲ ಮನುಷ್ಯ. ಆದರೂ ಎಂಬತ್ತು ಪ್ರಬಂಧಗಳಲ್ಲಿ ಒಂದಾದರೂ ಮಗುವನ್ನು ಉಳಿಸುವ ಮದ್ದನ್ನು ಹೇಳಲಿಲ್ಲ. ದುಡ್ಡು ಸುರಿದ ಮಾತ್ರಕ್ಕೆ ಉತ್ತರ ದೊರೆಯದು. ಪ್ರಶ್ನೆಯೇ ಇನ್ನೂ ಸರಿಯಾಗಿ ರೂಪುಗೊಂಡಿರಲಿಲ್ಲ.

ಪ್ರಶ್ನೆಯನ್ನು ಸರಿಪಡಿಸಿದವನು ಫ್ರಾನ್ಸಿನ ಟೂರ್ ಎಂಬ ಊರಿನ ವೈದ್ಯ ಪಿಯೇರ್ ಬ್ರೆತೊನೋ. 1818ರಲ್ಲಿ ಆ ಊರಿಗೆ ಬಂದ ದಂಡಿನೊಡನೆ ಒಂದು ಗಂಟಲು ಬೇನೆಯೂ ಬಂತು. ಮುಂದಿನ ವರ್ಷಗಳಲ್ಲಿ ಆತನು ಹತ್ತಾರು ಶವಗಳನ್ನು ಪರೀಕ್ಷಿಸಿ, ಗಂಟಲಿನಲ್ಲಿ ಕಾಣುವ ಪೊರೆಯೂ ಶ್ವಾಸನಾಳದಲ್ಲಿ ಹೋಮ್ ಕಂಡ ಪೊರೆಯೂ ಒಂದೇ ರೋಗದ್ದೆಂದು ತೋರಿಸಿದನು. ತೊಗಲು ಎಂಬರ್ಥದ ಗ್ರೀಕ್ ಪದದಿಂದ 1826ರಲ್ಲಿ ಅದಕ್ಕೆ ಹೊಸ ಹೆಸರಿಟ್ಟನು. ನಾವು ಡಿಫ್ತೀರಿಯಾ ಎನ್ನುವುದು ಅದರಿಂದ ಬಂದದ್ದು. ಇದಕ್ಕಿಂತ ಮುಖ್ಯವಾದ ಮಾತೊಂದನ್ನು ಆತನು ಹೇಳಿದನು. ಪೊರೆಯೇ ಇಲ್ಲದೆ ರಾತ್ರಿಯ ಹೊತ್ತು ಹಠಾತ್ತನೆ ಬಂದು ಹೋಗುವ ಇನ್ನೊಂದು ಬಗೆಯ ಉಸಿರುಗಟ್ಟುವಿಕೆ ಮಕ್ಕಳಲ್ಲಿ ಉಂಟು, ಅದನ್ನು ಇದರೊಡನೆ ಕಲಸಬಾರದು ಎಂಬುದು ಆ ಮಾತು. ಫ್ರೆಂಚರು ಅದನ್ನು ‘ಹುಸಿ ಕ್ರೂಪ್’ ಎಂದು ಕರೆದರು. ವಿಧಿಯ ವಿನೋದವೆಂದರೆ, ಇಂದು ವೈದ್ಯರು ಕ್ರೂಪ್ ಎನ್ನುವುದು ಬಹುಮಟ್ಟಿಗೆ ಈ ಹುಸಿಯನ್ನೇ. ನಿಜವಾದದ್ದು ತನ್ನ ಹೊಸ ಹೆಸರಿನೊಡನೆ ಬೇರೆ ಹೋಯಿತು.

1825ರಲ್ಲಿ ಬ್ರೆತೊನೋ ತನ್ನ ಗೆಳೆಯನ ನಾಲ್ಕು ವರ್ಷದ ಮಗಳ ಕೊರಳನ್ನು ಕತ್ತರಿಸಿ ಶ್ವಾಸನಾಳಕ್ಕೆ ಬೆಳ್ಳಿಯ ಕೊಳವೆಯನ್ನು ಇಟ್ಟನು. ಹಿಂದೆ ಮಾಡಿದ ಇಂಥ ಪ್ರಯತ್ನಗಳಲ್ಲಿ ಮಕ್ಕಳು ಉಳಿದಿರಲಿಲ್ಲ. ಮೂರ್ಛೆ ಬರಿಸುವ ಔಷಧವಿಲ್ಲದ ಕಾಲ. ಹುಡುಗಿ ಉಳಿದಳು. ಆತನ ಶಿಷ್ಯ ಟ್ರೂಸೋ ಇದೇ ಶಸ್ತ್ರಕ್ರಿಯೆಯನ್ನು ಪ್ಯಾರಿಸ್ಸಿನಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳಿಗೆ ಮಾಡಿ, ನಾಲ್ವರಲ್ಲಿ ಒಬ್ಬರು ಬದುಕಿದರೆಂದು ತೃಪ್ತಿಯಿಂದ ಬರೆದನು. ನಾಲ್ವರಲ್ಲಿ ಒಬ್ಬರೆಂದರೆ ಇಂದು ನಮಗೆ ಭಯವಾಗುತ್ತದೆ. ಆ ನಾಲ್ವರೂ ಸಾಯುವುದನ್ನು ಕಂಡಿದ್ದವನಿಗೆ ಅದು ತೃಪ್ತಿಯೇ. 1858ರಲ್ಲಿ ಬೂಶೂ ಎಂಬ ವೈದ್ಯ ಕೊರಳನ್ನು ಕತ್ತರಿಸದೆ ಬಾಯಿಯ ಮೂಲಕವೇ ಧ್ವನಿಪೆಟ್ಟಿಗೆಯೊಳಕ್ಕೆ ಸಣ್ಣ ಕೊಳವೆಯನ್ನು ಇಳಿಸಬಹುದೆಂದಾಗ ಇದೇ ಟ್ರೂಸೋ ಮುಂದೆ ನಿಂತು ಅದನ್ನು ತಳ್ಳಿಹಾಕಿಸಿದನು. ಆ ವಿಚಾರ ಕಾಲು ಶತಮಾನ ಮೂಲೆ ಸೇರಿತು. ನ್ಯೂಯಾರ್ಕಿನ ಅನಾಥಶಿಶುಗಳ ಆಸ್ಪತ್ರೆಯಲ್ಲಿ ಜೋಸೆಫ್ ಒಡ್ವಯರ್ ಎಂಬ ವೈದ್ಯನು ಕತ್ತು ಸೀಳಿಸಿಕೊಂಡ ಮಕ್ಕಳು ಸಾಯುವುದನ್ನು ನೋಡಲಾರದೆ, ವರ್ಷಗಟ್ಟಲೆ ತಾಳ್ಮೆಯಿಂದ ಕೊಳವೆಯ ಅಳತೆಗಳನ್ನು ತಿದ್ದಿ ತಿದ್ದಿ, 1885ರಲ್ಲಿ ತನ್ನ ವಿಧಾನವನ್ನು ಪ್ರಕಟಿಸಿದನು. ಇಂದು ಶಸ್ತ್ರಕ್ರಿಯೆಯ ಕೊಠಡಿಗಳಲ್ಲಿ ರೋಗಿಯ ಬಾಯಿಯಿಂದ ಉಸಿರಿನ ಕೊಳವೆ ಇಳಿಸುವ ಪದ್ಧತಿಯ ಹಿರಿಯರಲ್ಲಿ ಈ ಮಕ್ಕಳ ವೈದ್ಯನೂ ಒಬ್ಬ.

ಪೊರೆಯ ಕ್ರೂಪಿನ ಮುಂದಿನ ಕಥೆಯನ್ನು ಬೇಗ ಹೇಳಿಬಿಡಬಹುದು. 1883–84ರಲ್ಲಿ ಕ್ಲೆಬ್ಸ್ ಮತ್ತು ಲಫ್ಲರ್ ಡಿಫ್ತೀರಿಯಾದ ಸೂಕ್ಷ್ಮಜೀವಿಯನ್ನು ಕಂಡುಹಿಡಿದರು. 1890ರಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಅದರ ವಿಷಕ್ಕೆ ಪ್ರತಿವಿಷವನ್ನು ಕಂಡರು. 1894ರಲ್ಲಿ ಎಮಿಲ್ ರೂ ಪ್ಯಾರಿಸ್ಸಿನ ಮಕ್ಕಳ ಆಸ್ಪತ್ರೆಯಲ್ಲಿ ಕುದುರೆಯ ರಕ್ತದಿಂದ ತೆಗೆದ ಸೀರಮನ್ನು ಚುಚ್ಚಿದಾಗ, ಅದುವರೆಗೆ ರೋಗಿಗಳಲ್ಲಿ ಅರ್ಧದಷ್ಟಿದ್ದ ಸಾವು ಕಾಲುಭಾಗಕ್ಕೆ ಇಳಿಯಿತು. ಅದೇ ತಿಂಗಳುಗಳಲ್ಲಿ ಸೀರಮ್ ಇಲ್ಲದೆ ನಡೆದ ಇನ್ನೊಂದು ಆಸ್ಪತ್ರೆಯಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಆ ಆಸ್ಪತ್ರೆಗೆ ಇದ್ದ ಹೆಸರು ಟ್ರೂಸೋನದೇ. 1923ರಲ್ಲಿ ರಾಮೋನ್ ತಡೆಚುಚ್ಚುಮದ್ದಿಗೆ ದಾರಿ ಮಾಡಿಕೊಟ್ಟನು.

ನಮ್ಮಲ್ಲಿ ಈ ಅಧ್ಯಾಯ ಪೂರ್ತಿ ಮುಗಿದಿಲ್ಲ. ಚುಚ್ಚುಮದ್ದು ತಪ್ಪಿದ ಮಕ್ಕಳಲ್ಲಿ ಗಂಟಲುಮಾರಿ ಇಂದೂ ಕಾಣಿಸಿಕೊಳ್ಳುತ್ತದೆ. ಉತ್ತರ ಕರ್ನಾಟಕದ ಜಿಲ್ಲೆಗಳಿಂದಲೂ ಈ ಶತಮಾನದಲ್ಲಿ ಅದು ವರದಿಯಾಗಿದೆ. ಆದುದರಿಂದ ಕ್ರೂಪಿನಂತಹ ಕೆಮ್ಮಿನೊಡನೆ ಗಂಟಲಿನಲ್ಲಿ ಬೂದುಬಣ್ಣದ ಪೊರೆ, ಕೊರಳಿನ ಬಾವು ಕಂಡರೆ, ಅಥವಾ ಮಗುವಿಗೆ ಚುಚ್ಚುಮದ್ದು ಆಗಿರದಿದ್ದರೆ, ಆ ಮಾತನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಇನ್ನು ‘ಹುಸಿ’ ಕ್ರೂಪು. ಡಿಫ್ತೀರಿಯಾ ಹಿಂಜರಿದ ಊರುಗಳಲ್ಲಿ ಕ್ರೂಪಿನ ಕೆಮ್ಮು ಮಾತ್ರ ಹಾಗೆಯೇ ಉಳಿಯಿತು. 1956ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ರಾಬರ್ಟ್ ಚಾನಕ್ ಕ್ರೂಪ್ ಬಂದ ಶಿಶುಗಳ ಗಂಟಲಿನಿಂದ ಒಂದು ವೈರಸನ್ನು ಬೇರ್ಪಡಿಸಿದನು. ಈಗ ಅದಕ್ಕೆ ಪ್ಯಾರಾಇನ್‌ಫ್ಲುಯೆಂಜಾ ಎಂದು ಹೆಸರು. ಅದರ ಒಡಹುಟ್ಟುಗಳಲ್ಲಿ ಒಂದನೆಯ ಬಗೆಯದೇ ಈ ರೋಗಕ್ಕೆ ಹೆಚ್ಚು ಸಲ ಕಾರಣ. ಬೇರೆ ವೈರಸುಗಳಿಂದಲೂ ಬರುವುದುಂಟು. ಕೋವಿಡಿನ ಒಮಿಕ್ರಾನ್ ಅಲೆ ಬಂದಾಗ ಹಲವು ದೇಶಗಳ ಆಸ್ಪತ್ರೆಗಳಲ್ಲಿ ಕ್ರೂಪಿನ ಮಕ್ಕಳು ಹೆಚ್ಚಿದರು.

ದೊಡ್ಡವರಿಗೆ ಬರಿಯ ಗಂಟಲು ಕೆರೆತವಾಗುವ ಈ ವೈರಸು ಮಕ್ಕಳಿಗೇಕೆ ಉಸಿರು ಕಟ್ಟಿಸಬೇಕು? ಧ್ವನಿಪೆಟ್ಟಿಗೆಯ ಕೆಳಗೆ ಶ್ವಾಸನಾಳಕ್ಕೆ ಬಳೆಯಂತೆ ಸುತ್ತಲೂ ಮೆಲುಬಿನ ಕಟ್ಟೊಂದಿದೆ. ಒಳಮೈ ಊದಿಕೊಂಡರೆ ಹೊರಕ್ಕೆ ಹಿಗ್ಗಲು ಬಳೆ ಬಿಡುವುದಿಲ್ಲ. ಊತ ಒಳಕ್ಕೇ ಬರಬೇಕು. ಶಿಶುವಿನ ಆ ದಾರಿಯ ಅಗಲ 4 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಸುತ್ತಲೂ 1 ಮಿಲಿಮೀಟರ್ ಊದಿದರೆ ಉಳಿಯುವುದು 2. ದಾರಿ ಅರ್ಧವಾಯಿತು ಎಂದುಕೊಂಡರೆ ಲೆಕ್ಕ ತಪ್ಪಿತು. ಗಾಳಿ ನಿರಾಳವಾಗಿ ಹರಿಯುತ್ತಿದ್ದರೂ ಅದಕ್ಕೆ ಆಗುವ ಅಡ್ಡಿ ಹದಿನಾರು ಪಟ್ಟು ಏರುತ್ತದೆ. ಮಗು ಅತ್ತರೆ ಇನ್ನೂ ಹೆಚ್ಚು. ಈ ಸೂತ್ರವನ್ನು ಕೊಟ್ಟ ಪ್ವಾಜ಼ೈ ಕೂಡ ಪ್ಯಾರಿಸ್ಸಿನ ವೈದ್ಯನೇ; ಆತನು ರಕ್ತ ಹರಿಯುವುದನ್ನು ಅರಿಯಲು ಹೊರಟಿದ್ದನು. ದೊಡ್ಡವರ ಅಗಲವಾದ ದಾರಿಯಲ್ಲಿ ಅಷ್ಟೇ ಊತ ಲೆಕ್ಕಕ್ಕೇ ಬರುವುದಿಲ್ಲ. ಆರು ತಿಂಗಳಿನಿಂದ ಮೂರು ವರ್ಷದವರೆಗೆ ಈ ರೋಗ ಹೆಚ್ಚು, ಆಮೇಲೆ ವಿರಳ, ಎಂಬುದಕ್ಕೆ ಇದೇ ಕಾರಣ.

ಈಗ ಹಬೆಯ ವಿಷಯ. ನೂರು ವರ್ಷಗಳಿಗೂ ಮೇಲ್ಪಟ್ಟು ಕ್ರೂಪಿಗೆ ಹಬೆಯೇ ಮದ್ದೆಂದು ಎಲ್ಲರೂ ನಂಬಿದ್ದರು. ಆಸ್ಪತ್ರೆಗಳಲ್ಲಿ ಮಗುವಿನ ತೊಟ್ಟಿಲಿಗೆ ಗುಡಾರ ಕಟ್ಟಿ, ಉದ್ದ ಮೂತಿಯ ಕೆಟಲಿನಿಂದ ಹಬೆ ಬಿಡುತ್ತಿದ್ದರು. ನಮ್ಮ ಮನೆಗಳಲ್ಲಿ ಬಿಸಿನೀರಿನ ಪಾತ್ರೆ, ಮೇಲೊಂದು ಹೊದಿಕೆ, ನೀರಿಗೆ ನೀಲಗಿರಿ ಎಣ್ಣೆ. ಇಷ್ಟು ಹಳೆಯ ಚಿಕಿತ್ಸೆಯನ್ನು ಯಾರೂ ಪ್ರಶ್ನಿಸಿರಲಿಲ್ಲವಾದುದರಿಂದ ಅದನ್ನು ಪರೀಕ್ಷಿಸಿದವರೂ ಕಡಿಮೆ. 2006ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ 140 ಮಕ್ಕಳನ್ನು ಮೂರು ಗುಂಪು ಮಾಡಿ, ಬೇರೆ ಬೇರೆ ಪ್ರಮಾಣದ ತೇವದ ಗಾಳಿಯನ್ನು ಕೊಟ್ಟು ನೋಡಿದರು. ಪೂರ್ತಿ ತೇವದ ಗಾಳಿಯಿಂದಲೂ ವಿಶೇಷ ಪ್ರಯೋಜನ ಕಾಣಲಿಲ್ಲ. ಪ್ರಯೋಜನವಿಲ್ಲದಿದ್ದರೆ ಹೋಗಲಿ ಎನ್ನುವಂತಿಲ್ಲ: ಗಾಬರಿಯಿಂದ ಒದ್ದಾಡುವ ಮಗು, ಕುದಿಯುವ ನೀರು, ನಿದ್ದೆಗಣ್ಣಿನ ಹಿರಿಯರು, ಇವು ಒಂದೆಡೆ ಸೇರಿದರೆ ಸುಟ್ಟಗಾಯ ಆಗುವುದು ಸುಲಭ. ಅಜ್ಜಿಯರ ಮೇಲಿನ ಗೌರವಕ್ಕೆ ಕುಂದಿಲ್ಲದಂತೆ ಈ ಪಾತ್ರೆಯನ್ನು ಒಲೆಯ ಮೇಲೆಯೇ ಬಿಡುವುದು ಲೇಸು.

ನಿಜವಾಗಿ ಕೆಲಸ ಮಾಡಿದ ಮದ್ದುಗಳು ಎರಡು. ಒಂದು, ಅಡ್ರಿನಲಿನ್ನನ್ನು ಮಂಜಿನಂತೆ ಮಾಡಿ ಉಸಿರಿನ ಮೂಲಕ ಕೊಡುವುದು. ಅಮೆರಿಕದ ಯೂಟಾ ಪ್ರಾಂತದ ವೈದ್ಯರು ತಮ್ಮ ಹತ್ತು ವರ್ಷದ ಅನುಭವವನ್ನು 1971ರಲ್ಲಿ ಪ್ರಕಟಿಸಿದ ಮೇಲೆ ಇದು ಹರಡಿತು. ಕೆಲವೇ ನಿಮಿಷಗಳಲ್ಲಿ ಊತ ತಗ್ಗುತ್ತದೆ. ಎರಡು ಗಂಟೆಯೊಳಗೆ ಗುಣ ಇಳಿದುಹೋಗುತ್ತದೆ. ಆದುದರಿಂದಲೇ ಈ ಮದ್ದು ಕೊಟ್ಟ ಮಗುವನ್ನು ವೈದ್ಯರು ಕೆಲವು ಗಂಟೆ ಆಸ್ಪತ್ರೆಯಲ್ಲಿಯೇ ಇರಿಸಿಕೊಳ್ಳುತ್ತಾರೆ. ‘ಮಗು ಸರಿಹೋಯಿತಲ್ಲ’ ಎಂದು ಎತ್ತಿಕೊಂಡು ಹೊರಡುವುದು ಅಪಾಯಕರ.

ಎರಡನೆಯದು ಸ್ಟೆರಾಯಿಡ್, ಅದರಲ್ಲಿಯೂ ಡೆಕ್ಸಾಮೆಥಸೋನ್. ಇದರ ಮೇಲೆ ವೈದ್ಯರು ಮೂವತ್ತು ವರ್ಷ ಜಗಳವಾಡಿದರು. ಒಬ್ಬರ ಪ್ರಯೋಗದಲ್ಲಿ ಗುಣ ಕಂಡರೆ ಇನ್ನೊಬ್ಬರದರಲ್ಲಿ ಕಾಣಲಿಲ್ಲ, ಪ್ರಯೋಗಗಳೆಲ್ಲ ಚಿಕ್ಕವು. 1989ರಲ್ಲಿ ಅವನ್ನೆಲ್ಲ ಕೂಡಿಸಿ 1,286 ಮಕ್ಕಳ ಲೆಕ್ಕ ಹಾಕಿದಾಗ ಸ್ಟೆರಾಯಿಡಿನ ಗುಣ ಸ್ಪಷ್ಟವಾಯಿತು. ಆಸ್ಟ್ರೇಲಿಯಾದ ಪರ್ತ್ ನಗರದ ಗೀಲ್‌ಹೂಡ್ 1995ರಲ್ಲಿ, ಮಗುವಿನ ತೂಕದ ಒಂದೊಂದು ಕಿಲೋಗ್ರಾಮಿಗೆ 0.6 ಮಿಲಿಗ್ರಾಮಿನ ಬದಲು 0.15 ಮಿಲಿಗ್ರಾಮನ್ನು ಬಾಯಿಯಲ್ಲಿ ಕೊಟ್ಟರೂ ಸಾಕಾಗುತ್ತದೆಂದು ತೋರಿಸಿದನು. 2004ರಲ್ಲಿ ಕೆನಡಾದಲ್ಲಿ ಸೌಮ್ಯವಾದ ಕ್ರೂಪಿದ್ದ 720 ಮಕ್ಕಳಿಗೆ ಅರ್ಧದಷ್ಟು ಜನಕ್ಕೆ ಒಂದೇ ಒಂದು ಸಲ ಈ ಮದ್ದನ್ನೂ ಉಳಿದವರಿಗೆ ಹುಸಿಮದ್ದನ್ನೂ ಕುಡಿಸಿದರು. ಮತ್ತೆ ವೈದ್ಯರ ಬಳಿ ಬರಬೇಕಾದವರು ಮದ್ದು ಕುಡಿದವರಲ್ಲಿ ನೂರಕ್ಕೆ 7, ಕುಡಿಯದವರಲ್ಲಿ ನೂರಕ್ಕೆ 15. ಬ್ರೆತೊನೋನ ಚಾಕು, ಒಡ್ವಯರನ ಕೊಳವೆ ಇವು ಮಾಡಬೇಕಾಗಿದ್ದ ಕೆಲಸವನ್ನು ಬಹುಪಾಲು ಮಕ್ಕಳಲ್ಲಿ ಈಗ ಒಂದು ಗುಟುಕು ಔಷಧ ಮಾಡುತ್ತದೆ. ಎಷ್ಟು ಗುಟುಕು ಎಂಬುದನ್ನು ವೈದ್ಯರೇ ನಿಶ್ಚಯಿಸಬೇಕು. ನೆರೆಮನೆಯ ಬಾಟಲಿಯಿಂದ ಅಳೆದು ಕೊಡುವ ಮದ್ದು ಇದಲ್ಲ. ಕೆಮ್ಮಿನ ಸಿರಪ್ಪುಗಳಿಂದ ಇದಕ್ಕೆ ಉಪಯೋಗವಿಲ್ಲ. ವೈರಸಿನ ರೋಗವಾದುದರಿಂದ ಆಂಟಿಬಯಾಟಿಕ್ಕುಗಳಿಂದಲೂ ಇಲ್ಲ.

ಮನೆಯವರಿಗೆ ಕಷ್ಟವಾಗುವುದು ಯಾವಾಗ ಹೊರಡಬೇಕು ಎಂಬ ನಿರ್ಧಾರ. ಬೊಗಳುವ ಕೆಮ್ಮು ಮಾತ್ರವಿದ್ದು, ಮಗು ಸುಮ್ಮನಿದ್ದಾಗ ಉಸಿರು ನಿಶ್ಶಬ್ದವಾಗಿದ್ದರೆ ರಾತ್ರಿ ಕಾದು ಬೆಳಿಗ್ಗೆ ತೋರಿಸಬಹುದು. ಅಳದೆ ಸುಮ್ಮನೆ ಮಡಿಲಲ್ಲಿದ್ದಾಗಲೂ ಉಸಿರೆಳೆಯುವ ಗರಗಸದ ದನಿ ಕೇಳುತ್ತಿದ್ದರೆ, ಪಕ್ಕೆ ಸೆಳೆಯುತ್ತಿದ್ದರೆ, ಕೊರಳಿನ ಗುಳಿ ಒಳಕ್ಕೆ ಹೋಗುತ್ತಿದ್ದರೆ ಆ ಗಳಿಗೆಯೇ ಆಸ್ಪತ್ರೆಗೆ ಹೊರಡಬೇಕು. ತುಟಿ ನೀಲಿಯಾಗುವುದು, ಮಗು ಮಂಕಾಗುವುದು, ಇವಕ್ಕೆ ಕಾಯುತ್ತ ಕೂಡಬಾರದು. ದನಿಯ ಜೋರಿನಿಂದ ಮೋಸಹೋಗಬಾರದು: ದಣಿದ ಮಗುವಿನಲ್ಲಿ ಶಬ್ದ ಕಡಿಮೆಯಾಗುವುದು ಗುಣದ ಲಕ್ಷಣವಲ್ಲ, ಗಾಳಿಯೇ ಕಡಿಮೆಯಾಗಿದೆಯೆಂದು ಅರ್ಥವಾಗಬಹುದು. ಜೋರು ಜ್ವರದಿಂದ, ಕೆಮ್ಮಿಲ್ಲದೆ, ಜೊಲ್ಲು ನುಂಗಲಾರದೆ ಮುಂದಕ್ಕೆ ಬಾಗಿ ಕುಳಿತ ಮಗುವಿನದು ವಾಷಿಂಗ್ಟನ್ನನನ್ನು ಬಲಿತೆಗೆದುಕೊಂಡಿತೆಂದು ಊಹಿಸುವ ಬೇನೆ. ಮಕ್ಕಳಲ್ಲಿ ಅದನ್ನು ತರುತ್ತಿದ್ದ ಮುಖ್ಯ ಸೂಕ್ಷ್ಮಜೀವಿಗೆ ಎದುರಾದ ಲಸಿಕೆಯನ್ನು ಭಾರತದಲ್ಲಿ 2011ರ ಡಿಸೆಂಬರಿನಲ್ಲಿ ಕೇರಳ, ತಮಿಳುನಾಡುಗಳಿಂದ ಮೊದಲುಮಾಡಿ ಸರ್ಕಾರದ ಚುಚ್ಚುಮದ್ದಿನಲ್ಲಿ ಸೇರಿಸಿದ್ದಾರೆ. ಜ್ವರ ನೆಗಡಿ ಏನೂ ಇಲ್ಲದೆ, ಆಡುತ್ತಿದ್ದ ಮಗುವಿಗೆ ಹಗಲಿನಲ್ಲಿ ಥಟ್ಟನೆ ಉಸಿರು ಕಟ್ಟಿದರೆ ಕಡಲೆಕಾಯಿ ಬೀಜವೋ ಹುಣಿಸೆಬೀಜವೋ ಗಂಟಲಿಗೆ ಇಳಿದಿರಬಹುದು, ಅದೂ ತುರ್ತಿನದೇ.

ಹೊರಡುವ ಮುನ್ನ ಚಮಚದಿಂದ ನಾಲಗೆ ಒತ್ತಿ ಗಂಟಲಿನೊಳಗೆ ಇಣುಕಬಾರದು. ಮಲಗಿಸಬಾರದು. ಮಗುವನ್ನು ಅಳಿಸದಿರುವುದೇ ದಾರಿಯುದ್ದದ ಚಿಕಿತ್ಸೆ. ತಾಯಿಯ ಮಡಿಲಲ್ಲಿ ನೆಟ್ಟಗೆ ಕೂರಿಸಿಕೊಂಡರೆ ಸಾಕು.

ರಾತ್ರಿಯ ತಂಗಾಳಿಗೆ ಎತ್ತಿಕೊಂಡು ಬಂದರೆ ಕೆಮ್ಮು ಸಡಿಲವಾಗುತ್ತದೆಂದು ಚಳಿದೇಶಗಳ ತಾಯಂದಿರು ಬಹುಕಾಲದಿಂದ ಹೇಳುತ್ತಿದ್ದರು, ವೈದ್ಯರು ನಕ್ಕುಬಿಡುತ್ತಿದ್ದರು. 2023ರಲ್ಲಿ ಇದನ್ನೂ ಪರೀಕ್ಷಿಸಿದರು, ಅದೂ ಜ್ಯೂರಿನ್‌ನ ಜಿನೀವಾ ನಗರದಲ್ಲಿಯೇ. 118 ಮಕ್ಕಳಿಗೂ ಡೆಕ್ಸಾಮೆಥಸೋನ್ ಕೊಟ್ಟು, ಅರ್ಧದಷ್ಟು ಮಕ್ಕಳನ್ನು ಅರ್ಧ ಗಂಟೆ ಹೊರಗಿನ ಚಳಿಯಲ್ಲಿ ಇರಿಸಿದರು. ಹೊರಗಿದ್ದವರಲ್ಲಿ ನೂರಕ್ಕೆ 49 ಮಂದಿಗೆ, ಒಳಗಿದ್ದವರಲ್ಲಿ ನೂರಕ್ಕೆ 24 ಮಂದಿಗೆ ಆ ಹೊತ್ತಿಗೆ ಸ್ಪಷ್ಟವಾದ ಶಮನ ಕಂಡಿತು. ಅಲ್ಲಿಯ ಚಳಿ 10 ಡಿಗ್ರಿಗಿಂತ ಕೆಳಗಿನದು. ನಮ್ಮ ಮಾಗಿಯ ಇರುಳಿಗೆ ಅದೇ ಲೆಕ್ಕ ಹೊಂದುವುದೆಂದು ಹೇಳಲಾಗದು.

ಇದರಿಂದ ಒಂದು ಫಜೀತಿಯೂ ಉಂಟು. ತಂಗಾಳಿಯಲ್ಲಿ ಬಂದ ಮಗು ಆಸ್ಪತ್ರೆಯ ಬಾಗಿಲು ತಲುಪುವ ಹೊತ್ತಿಗೆ ಸುಮ್ಮನಾಗಿ, ವೈದ್ಯರ ಮುಖ ನೋಡಿ ನಗುತ್ತಿರುತ್ತದೆ. ರಾತ್ರಿ ಎರಡು ಗಂಟೆಯಲ್ಲಿ ತಾಯ್ತಂದೆಯರು ಎಷ್ಟು ಬಣ್ಣಿಸಿದರೂ ಆ ದನಿ ಮಾತಿಗೆ ಸಿಕ್ಕುವುದಿಲ್ಲ. ಈಗ ಎಲ್ಲರ ಕೈಯಲ್ಲಿಯೂ ಮೊಬೈಲ್ ಫೋನಿದೆ. ಅದರಲ್ಲಿ ಕೆಮ್ಮನ್ನೂ ಉಸಿರಿನ ಶಬ್ದವನ್ನೂ ಅರ್ಧ ನಿಮಿಷ ಮುದ್ರಿಸಿಕೊಂಡು ಹೋಗಿ ಕೇಳಿಸಿದರೆ, ಬಲ್ಲ ವೈದ್ಯರು ಮಗುವನ್ನು ಮುಟ್ಟುವ ಮೊದಲೇ ರೋಗದ ಹೆಸರನ್ನು ಹೇಳಬಲ್ಲರು.